ಕೊಯ್ಲು ಕಾಯುತ್ತೆ, ಮಗು ಕಾಯಲ್ಲ

ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ. ಊರು ಮಾತ್ರ ಬೇರೆ. ಈ ಸಲ ಅದಕ್ಕೇ ಜಾಗ ಕೊಟ್ಟುಬಿಡುತ್ತೇನೆ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ‘ಅಮ್ಮ’ ಬಿಟ್ಟರೆ ಬೇರೆ ಮಾತಿಲ್ಲ. ಅವರಪ್ಪನೂ ಮೂರು ದಾಟಿದ ಮೇಲೇ ಮಾತಾಡಿದ್ದು ಅಂತಾರೆ ಅತ್ತೆ. ಕಿವಿ ಚೆನ್ನಾಗಿದೆ, ತಟ್ಟೆ ಬಿದ್ದರೆ ತಿರುಗಿ ನೋಡುತ್ತಾನೆ. ಅಡಿಕೆ ಕೊಯ್ಲು ಮುಗಿಸಿ ಬರಬಹುದಾ? (ತೀರ್ಥಹಳ್ಳಿ ಕಡೆಯ ತಾಯಿ)

ಬೇಡ, ಈ ವಾರವೇ ಹೊರಡಿ. ಕೊಯ್ಲಾದ ಮೇಲೆ ಸುಲಿಯೋದು, ಬೇಯಿಸೋದು, ಒಣಗಿಸೋದು ಇರುತ್ತೆ. ಆಮೇಲೆ ಮದುವೆಮನೆಗಳು, ಆಮೇಲೆ ಮಳೆ. ಅಷ್ಟರಲ್ಲಿ ಮಗನಿಗೆ ಮೂರು ದಾಟಿರುತ್ತದೆ.

ಮೊದಲು ಆ ತಟ್ಟೆ ವಿಷಯ. ತಟ್ಟೆ ಬಡಿಯೋದು ಕಿವಿ ಪರೀಕ್ಷೆ ಅಲ್ಲ, ಎಷ್ಟು ಸಲ ಹೇಳಲಿ! ಜೋರು ಸದ್ದಿಗೆ ತಿರುಗುವ ಮಗುವಿಗೆ ‘ಸ’, ‘ಶ’ದಂಥ ಸಣ್ಣ ಸದ್ದು ಕೇಳಿಸದೇ ಇರಬಹುದು. ಅಜ್ಜಿ ‘ಹಸು’ ಅಂದರೆ ಅವನಿಗೆ ‘ಅ..ಉ’ ಅಂತ ಕೇಳಿಸುತ್ತಿದ್ದರೆ ಅವನು ಏನು ಕಲಿಯಬೇಕು? ಕಿವಿಗೆ ಸಣ್ಣ ಸದ್ದು ಬಿಟ್ಟು ಒಳಗಿವಿಯ ಪ್ರತಿಕ್ರಿಯೆ ನೋಡುವ ಓಎಇ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಮಗು ನಿದ್ದೆಯಲ್ಲಿದ್ದರೆ ಇನ್ನೂ ಸುಲಭ. ಅದರಲ್ಲಿ ಸಂಶಯ ಬಂದರೆ, ಸದ್ದು ಕಿವಿಯಿಂದ ಮಿದುಳಿಗೆ ತಲುಪುತ್ತಾ ಅಂತ ನೋಡುವ ಬೆರಾ ಪರೀಕ್ಷೆ ಮಾಡಿಸಬೇಕು. ನಿಜವಾಗಿ ಹುಟ್ಟಿದ ಒಂದು ತಿಂಗಳೊಳಗೇ ಕಿವಿ ನೋಡಿ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕಿತ್ತು.

ಎರಡನೆಯದು, ಅವನು ಬೇಕಾದ್ದನ್ನು ಹೇಗೆ ಕೇಳುತ್ತಾನೆ? ಇದೇ ವಯಸ್ಸಿನ ಮಗುವೊಂದು ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಬಿಸ್ಕೆಟ್ ಡಬ್ಬಿಯ ಮುಚ್ಚಳದ ಮೇಲೆ ನನ್ನ ಕೈ ಇಟ್ಟಿತು. ಒಂದು ಸಲವೂ ಮುಖ ನೋಡಲಿಲ್ಲ. ‘ಎಷ್ಟು ಜಾಣ ನೋಡಿ, ಎಲ್ಲಾ ತೋರಿಸ್ತಾನೆ’ ಅಂದರು ತಾಯಿ. ಅದು ತೋರಿಸೋದಲ್ಲ. ಅವನಿಗೆ ನನ್ನ ಕೈ ಒಂದು ಸೌಟು ಇದ್ದ ಹಾಗೆ, ಅಷ್ಟೇ. ಒಂದೂವರೆ ವರ್ಷಕ್ಕೆಲ್ಲ ಮಗು ಬೆರಳು ಮಾಡಿ ತೋರಿಸಬೇಕು, ನೀವು ನೋಡಿದಿರಾ ಅಂತ ನಿಮ್ಮ ಮುಖವನ್ನೂ ನೋಡಬೇಕು. ಎರಡಕ್ಕೆ ‘ನೀರು ಕೊಡು’ ಅಂತ ಎರಡು ಪದ ಜೋಡಿಸಬೇಕು. ಹಾಗಂತ ಪತ್ರ ಓದಿ ಕಾಯಿಲೆಗೆ ಹೆಸರಿಡುವವಳು ನಾನಲ್ಲ. ಮಾತು ಕಲಿಸುವ ಥೆರಪಿ ಶುರುಮಾಡಲು ಹೆಸರು ಬೇಕಾಗೂ ಇಲ್ಲ.

ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ತಡವಾಗಿ ಮಾತಾಡಿ ಸರಿಹೋದವರೂ ಇದ್ದಾರೆ. ಆದರೆ ಯಾವ ಮಗು ತಾನಾಗೇ ಸರಿಹೋಗುತ್ತೆ ಅಂತ ಮುಂಚೆಯೇ ಹೇಳೋಕೆ ನನಗೆ ಬರಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಒಬ್ಬರಿಗೆ ‘ಮೂರು ತುಂಬಲಿ ನೋಡೋಣ’ ಅಂದಿದ್ದೆ. ತುಂಬಿದ ಮೇಲೆ ಕರೆತಂದರು. ಆ ಹುಡುಗಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಆವತ್ತಿನಿಂದ ಆ ಮಾತು ಬಿಟ್ಟಿದ್ದೇನೆ.

ದುಡ್ಡಿನ ಚಿಂತೆ ಬೇಡ. ಮಕ್ಕಳ ತಪಾಸಣೆ, ಚಿಕಿತ್ಸೆಯನ್ನು ಉಚಿತವಾಗಿ ಮಾಡುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ. ತಂಡ ಬರುವತನಕ ಕೂರಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ ಅಥವಾ ಸೀದಾ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ಬಂದು ಚೀಟಿ ಮಾಡಿಸಿ. ಹೆರಿಗೆಯ ಡಿಸ್ಚಾರ್ಜ್ ಕಾಗದ ಮತ್ತು ತಾಯಿ ಕಾರ್ಡ್ ಮರೆಯಬೇಡಿ. ಅತ್ತೆಯವರನ್ನೂ ಕರೆತನ್ನಿ.

ಅಲ್ಲಿಯವರೆಗೆ ಊಟದ ಹೊತ್ತಿನ ಮೊಬೈಲ್ ಬಂದ್. ಅವನಿಗೆ ಇಷ್ಟವಾದ ತಿಂಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಕೈಗೆ ಕೊಡಿ. ಮನಸ್ಸಲ್ಲೇ ಐದರವರೆಗೆ ಎಣಿಸಿ. ನೋಡಲಿ, ‘ಊಂ’ ಅನ್ನಲಿ, ಏನೇ ಮಾಡಿದರೂ ‘ಬೇಕು’ ಅಂತ ನೀವೇ ಹೇಳಿ ತಕ್ಷಣ ತೆಗೆದುಕೊಡಿ. ಬಚ್ಚಲಲ್ಲಿ ‘ನೀರು’, ‘ಹಾಕು’, ‘ಸಾಕು’, ಕೊಟ್ಟಿಗೆಯಲ್ಲಿ ‘ಹುಲ್ಲು’. ಒಂದೊಂದೇ ಪದ. ‘ಹೇಳು, ಹೇಳು’ ಅಂತ ಮಾತ್ರ ಪೀಡಿಸಬೇಡಿ.

ಪ್ರಶ್ನೆ: ನಾಲಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತಾ?
ನಾಲಗೆ ಉರಿಯುತ್ತೆ. ಬಿಡಿ ಅದನ್ನು.

ಪ್ರಶ್ನೆ: ಮನೆಯಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ. ಅದಕ್ಕೇ ತಡವಾ?
ಅಲ್ಲ. ಮನೆಮಾತು ನಿಲ್ಲಿಸಬೇಡಿ.

ಪ್ರಶ್ನೆ: ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಕೂರೋದು ತಡವಾಗಿದೆ.
ಎರಡು ವರ್ಷದವರೆಗೆ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಡಾಕ್ಟರು ಮೊದಲು ಕೊಟ್ಟಿದ್ದ ಹೆರಿಗೆ ತಾರೀಕಿನಿಂದ ಲೆಕ್ಕ ಹಾಕಿ. ಆಗಲೂ ಒಂಬತ್ತು ತಿಂಗಳಿಗೆ ಕೂರದಿದ್ದರೆ ತೋರಿಸಿ.

ಪ್ರಶ್ನೆ: ಆಟಿಸಂಗೆ ಸ್ಟೆಮ್ ಸೆಲ್ ಮಾಡಿಸಿದರೆ ಪೂರ್ತಿ ವಾಸಿ ಅಂತಾರೆ. ತೋಟದ ಮೇಲೆ ಸಾಲ ತೆಗೆಯೋಣ ಅಂತಿದ್ದೇವೆ.
ಆಟಿಸಂ ಅಂದರೆ ಬೇರೆಯವರ ಜೊತೆ ಬೆರೆಯೋದು, ಮಾತಾಡೋದು ಕಷ್ಟವಾಗುವ ಬೆಳವಣಿಗೆಯ ತೊಂದರೆ. ಅದಕ್ಕೆ ಸ್ಟೆಮ್ ಸೆಲ್, ಅಂದರೆ ಮೈಗೆ ಆಕರಕೋಶ ಸೇರಿಸುವ ಚಿಕಿತ್ಸೆ, ಕೊಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ತೋಟ ತೋಟದ ಪಾಡಿಗಿರಲಿ. ವಾರಕ್ಕೆರಡು ಸಲ ಬಸ್ ಚಾರ್ಜಿಗೆ ದುಡ್ಡು ಎತ್ತಿಟ್ಟುಕೊಂಡು ಥೆರಪಿಗೆ ಬನ್ನಿ.