ಮೊದಲ ಸ್ಯಾಂಡರ್ ಯಾವುದಿರಲಿ?

ಪ್ರಶ್ನೆ: ಟೇಬಲ್ಲು, ಶೆಲ್ಫು ಅಂತ ಸಣ್ಣಪುಟ್ಟ ಫರ್ನಿಚರ್ ಮಾಡೋಕೆ ಶುರು ಮಾಡಿದೀನಿ, ಕೈಯಲ್ಲಿ ಉಜ್ಜಿ ಉಜ್ಜಿ ಸಾಕಾಗಿದೆ ಸರ್. ಮರ ಉಜ್ಜಿ ನುಣುಪು ಮಾಡೋ ಮಶೀನುಗಳಲ್ಲಿ (ಸ್ಯಾಂಡರ್) ಬೆಲ್ಟ್ ಸ್ಯಾಂಡರ್ ಬೇಗ ಕೆಲಸ ಮುಗಿಸುತ್ತಂತೆ, ಅದನ್ನೇ ತಗೊಳ್ಳಲಾ?

ಉತ್ತರ: ಮೊದಲನೇದೇ ಬೆಲ್ಟ್ ಸ್ಯಾಂಡರ್ ಬೇಡ. ಬೇಗ ಮುಗಿಸುತ್ತೆ ನಿಜ, ಆದ್ರೆ ಒಂದೇ ಜಾಗದಲ್ಲಿ ಸ್ವಲ್ಪ ನಿಂತ್ರೂ ಹಳ್ಳ ಬೀಳುತ್ತೆ, ಪ್ಲೈವುಡ್ ಮೇಲಿನ ವೆನೀರ್ (ತೆಳು ಮರದ ಪದರ) ಆದ್ರಂತೂ ನೋಡ್ತಾ ನೋಡ್ತಾ ಸವೆದು ಕೆಳಗಿನ ಪದರ ಹೊರಗೆ ಬಂದ್ಬಿಡುತ್ತೆ. 125 ಎಂಎಂ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್ ತಗೊಳ್ಳಿ. ಅದರ ಪ್ಯಾಡ್ ತಿರುಗ್ತಾನೇ ಸಣ್ಣ ಸುತ್ತಲ್ಲಿ ಅಲ್ಲಾಡುತ್ತೆ, ಹಾಗಾಗಿ ಗೀರು ಒಂದರ ಮೇಲೊಂದು ಬೀಳದೆ ಚದುರಿ ಹೋಗುತ್ತೆ, ಮರದ ನಾರು ಯಾವ ಕಡೆಗಿದೆ ಅಂತ ಅಷ್ಟು ತಲೆ ಕೆಡಿಸ್ಕೊಳ್ಳೋದೂ ಬೇಡ. ಸ್ಪೀಡ್ ಕಮ್ಮಿಜಾಸ್ತಿ ಮಾಡೋ ಹಾಗಿರ್ಬೇಕು, ವ್ಯಾಕ್ಯೂಮ್ ಕ್ಲೀನರ್ ಪೈಪ್ ಸಿಕ್ಕಿಸೋಕೆ ಆಗ್ಬೇಕು. ನನ್ನ ಪ್ರಕಾರ ವ್ಯಾಟ್ ಜಾಸ್ತಿ ಇರೋದಕ್ಕಿಂತ ಧೂಳು ಹೀರೋದೇ ಮುಖ್ಯ, ಧೂಳು ನಿಂತ್ರೆ ಸ್ಯಾಂಡ್‌ಪೇಪರ್ ಬೇಗ ಕಟ್ಕೊಳ್ಳುತ್ತೆ, ಶ್ವಾಸಕೋಶಕ್ಕೂ ಒಳ್ಳೇದಲ್ಲ, ಮಾಸ್ಕ್ ಅಂತೂ ಹಾಕ್ಲೇಬೇಕು.

ಸ್ಯಾಂಡ್‌ಪೇಪರ್ ನಂಬರ್ (ಗ್ರಿಟ್) ಜಾಸ್ತಿ ಆದಷ್ಟೂ ಪೇಪರ್ ನುಣುಪು, 80, 120, 180 ಹೀಗೆ ಮೇಲಕ್ಕೆ ಹೋಗಿ, 80ರಿಂದ ನೇರ 220ಕ್ಕೆ ಹಾರಿದ್ರೆ ಹಳೇ ಗೀರೆಲ್ಲ ಪಾಲಿಶ್ ಹೊಡೆದ್ಮೇಲೆ ಎದ್ದು ಕಾಣುತ್ತೆ (ಆಗ ಎಲ್ಲರೂ ಬೈಯೋದು ಪಾಲಿಶ್‌ನ್ನೇ). ಮೇಲಿಂದ ಒತ್ತಬೇಡಿ, ಮಶೀನಿನ ಭಾರವೇ ಸಾಕು. ಒಳಮೂಲೆಗೆ ಮಾತ್ರ ಗುಂಡು ಪ್ಯಾಡ್ ಹೋಗಲ್ಲ, ಅಲ್ಲಿಗೆ ತ್ರಿಕೋನ ಪ್ಯಾಡಿನ ಡೆಲ್ಟಾ ಸ್ಯಾಂಡರ್ ಬೇಕು, ಇಲ್ಲಾಂದ್ರೆ ಅಷ್ಟು ಜಾಗ ಕೈಯಲ್ಲೇ ಉಜ್ಜಿ.