ಮೊಡ್ರಿಚ್ ಪಕ್ಕದಲ್ಲಿ ಓಡುವವರು ಯಾರು?

ಹುಬ್ಬಳ್ಳಿಯ ಓದುಗ ಮಿತ್ರರೇ,

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಉತ್ತರ ತಡವಾಯಿತು, ಕ್ಷಮಿಸಿ. ಎರಡು ಸಾಲಿನಲ್ಲಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ, ಅದಕ್ಕೇ ಪುರಸೊತ್ತು ಮಾಡಿಕೊಂಡು ಕೂತಿದ್ದೇನೆ.

ಉಳಿದ ಓದುಗರಿಗಾಗಿ ಪತ್ರದ ವಿಷಯ ಹೇಳಿಬಿಡುತ್ತೇನೆ. ಯುರೋಪಿನ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗಿನ 2007ರ ಅಥೆನ್ಸ್ ಫೈನಲ್ ನೋಡಿದ ರಾತ್ರಿಯಿಂದ ನೀವು ಇಟಲಿಯ ಫುಟ್‌ಬಾಲ್ ಕ್ಲಬ್ ಎಸಿ ಮಿಲಾನ್ ಅಭಿಮಾನಿ. 2025ರ ಜುಲೈನಲ್ಲಿ ಕ್ಲಬ್ ಕ್ರೊವೇಷಿಯಾದ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವರು) ಲೂಕಾ ಮೊಡ್ರಿಚ್ ಅವರನ್ನು ಕರೆತಂದಾಗ ನಿಮಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ನಲವತ್ತರ ಮನುಷ್ಯ ಇಟಲಿಯ ಲೀಗಿನಲ್ಲಿ ಎಷ್ಟು ಓಡಿಯಾರು? ಅವರು ಆಡಿದರೆ ಹುಡುಗರು ಎಲ್ಲಿ ಆಡಬೇಕು? ಇದೆಲ್ಲ ಜೆರ್ಸಿ ಮಾರುವ ಲೆಕ್ಕಾಚಾರ ಅಲ್ವಾ? ಇವು ನಿಮ್ಮ ಮೂರು ಪ್ರಶ್ನೆ. ಪತ್ರದ ತುದಿಯಲ್ಲಿ ನಾಲ್ಕನೆಯದೂ ಇದೆ: ನಿಮ್ಮ ಭಾನುವಾರದ ತಂಡದಲ್ಲೂ 38 ದಾಟಿದ ಮಿಡ್‌ಫೀಲ್ಡರ್ ಅಣ್ಣ ಒಬ್ಬರಿದ್ದಾರೆ, ಅವರನ್ನು ಮುಂದಿನ ವರ್ಷವೂ ಇಟ್ಟುಕೊಳ್ಳಬೇಕಾ ಬೇಡವಾ ಅಂತ ತಂಡದಲ್ಲಿ ಜಗಳ ನಡೆದಿದೆ.

ನೇರವಾಗಿ ಹೇಳುತ್ತೇನೆ. ಮಿಲಾನ್ ಮಾಡಿದ್ದು ಸರಿ. ನಿಮ್ಮ ಭಯ ಸುಳ್ಳು ಅಂತಲ್ಲ, ಅದರಲ್ಲಿ ಒಂದು ಭಯ ನನಗೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ವಯಸ್ಸನ್ನು ಮಾತ್ರ ನೋಡಿ ಮಿಡ್‌ಫೀಲ್ಡರ್‌ನನ್ನು ಬೇಡ ಅಂದರೆ ಏನಾಗುತ್ತದೆ ಅನ್ನುವುದು ಮಿಲಾನ್ ಅಭಿಮಾನಿಯಾದ ನಿಮಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕು.

2011 ನೆನಪು ಮಾಡಿಕೊಳ್ಳಿ. ಮಿಲಾನ್ ಮಿಡ್‌ಫೀಲ್ಡರ್ ಆಂಡ್ರಿಯಾ ಪಿರ್ಲೊಗೆ ಆಗ 32. ಹತ್ತು ವರ್ಷ ಮಿಲಾನ್‌ಗೆ ಆಡಿದ್ದರು, ಎರಡು ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟಿದ್ದರು. ಆದರೆ ಆ ಸೀಸನ್ ಪೂರ್ತಿ ಗಾಯದ ಕಾಟ. ಲೀಗಿನಲ್ಲಿ ಬರೀ 17 ಪಂದ್ಯ ಆಡಿದರು. ಅವರ ಜಾಗದಲ್ಲಿ ಡಿಫೆನ್ಸ್ ಮುಂದೆ ಮಾರ್ಕ್ ವಾನ್ ಬೊಮ್ಮೆಲ್ ನಿಂತರು, ಮಿಲಾನ್ ಲೀಗ್ ಗೆದ್ದೂಬಿಟ್ಟಿತು. ಮೂವತ್ತು ದಾಟಿದವರಿಗೆ ಒಂದೇ ವರ್ಷದ ಒಪ್ಪಂದ ಅನ್ನುವುದು ಆಗ ಕ್ಲಬ್ಬಿನ ನಿಲುವಾಗಿತ್ತು. ಗೆದ್ದ ತಂಡಕ್ಕೆ ಪಿರ್ಲೊ ಬೇಕೇ ಬೇಕು ಅಂತ ಆ ಹೊತ್ತಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಪಿರ್ಲೊ ಹೊರಟರು. ಇಟಲಿಯದೇ ಇನ್ನೊಂದು ಕ್ಲಬ್ ಯುವೆಂಟಸ್ ಒಂದು ಪೈಸೆ ಟ್ರಾನ್ಸ್‌ಫರ್ ಹಣ ಕೊಡದೆ ಮೂರು ವರ್ಷಕ್ಕೆ ಅವರನ್ನು ಕರೆದುಕೊಂಡಿತು.

ಯುವೆಂಟಸ್ ಅದಕ್ಕಿಂತ ಮುಂಚೆ ಎರಡು ವರ್ಷ ಸತತವಾಗಿ ಏಳನೇ ಸ್ಥಾನದಲ್ಲಿ ಮುಗಿಸಿತ್ತು. ಹೊಸ ಕೋಚ್ ಅಂಟೋನಿಯೊ ಕಾಂಟೆ, ಹೊಸ ಸ್ಟೇಡಿಯಂ. ಸೆಪ್ಟೆಂಬರ್‌ನಲ್ಲಿ ಪಾರ್ಮಾ ವಿರುದ್ಧ ಲೀಗಿನ ಮೊದಲ ಪಂದ್ಯ. ಆ ಮೊದಲ ಗೋಲನ್ನು ಒಮ್ಮೆ ಹುಡುಕಿ ನೋಡಿ. ಪಿರ್ಲೊ ನಡುವೆ ನಿಂತಿದ್ದಾರೆ, ಅವಸರವೇ ಇಲ್ಲ. ಬಲಗಡೆಯಿಂದ ಲಿಷ್ಟ್‌ಸ್ಟೈನರ್ ಓಟ ಕಿತ್ತರು. ಪಿರ್ಲೊ ಚೆಂಡಿನ ಕೆಳಗೆ ಕಾಲು ಹಾಕಿ ಸುಮ್ನೆ ಎತ್ತಿಬಿಟ್ಟರು. ಡಿಫೆಂಡರ್‌ಗಳ ತಲೆ ಮೇಲಿಂದ ಹೋದ ಚೆಂಡು ಓಡುವವನ ಕಾಲಿಗೇ ಬಂದು ಸಿಕ್ಕಿತು. ಗೋಲು. ಪಂದ್ಯ 4-1. ಆ ಸೀಸನ್‌ನಲ್ಲಿ ಪಿರ್ಲೊ ಲೀಗಿನಲ್ಲಿ 37 ಪಂದ್ಯ ಆಡಿದರು. ಯುವೆಂಟಸ್ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 84 ಅಂಕ. ಎರಡನೇ ಸ್ಥಾನದಲ್ಲಿ 80 ಅಂಕದೊಂದಿಗೆ ನಿಂತಿದ್ದು ನಮ್ಮ ಮಿಲಾನ್. ಪಿರ್ಲೊ ಅಲ್ಲಿದ್ದ ನಾಲ್ಕು ವರ್ಷವೂ ಯುವೆಂಟಸ್ಸೇ ಚಾಂಪಿಯನ್.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ. ಪಿರ್ಲೊ ಪಕ್ಕದಲ್ಲಿ ಯಾರಿದ್ದರು? ಒಂದು ಕಡೆ ಅದೇ ವರ್ಷ ಲೆವರ್‌ಕೂಸೆನ್‌ನಿಂದ ಬಂದ 24ರ ಆರ್ತುರೊ ವಿಡಾಲ್, ಇನ್ನೊಂದು ಕಡೆ 25ರ ಕ್ಲಾಡಿಯೊ ಮಾರ್ಕಿಸಿಯೊ. ಚೆಂಡು ಕಳೆದುಕೊಂಡರೆ ಬೆನ್ನಟ್ಟಿ ಹೋಗುವುದು ವಿಡಾಲ್ ಕೆಲಸ. ಖಾಲಿ ಜಾಗ ಮುಚ್ಚುವುದು ಮಾರ್ಕಿಸಿಯೊ ಕೆಲಸ. ಪಿರ್ಲೊ ಓಡಬೇಕಿದ್ದ ಓಟವನ್ನು ಅವರಿಬ್ಬರು ಓಡಿದರು, ಅವರಿಬ್ಬರಿಗೆ ಕಾಣದ ಪಾಸನ್ನು ಪಿರ್ಲೊ ಕೊಟ್ಟರು. ನನ್ನ ಪ್ರಕಾರ ವಯಸ್ಸಾದ ಮಿಡ್‌ಫೀಲ್ಡರ್ ವಿಷಯದಲ್ಲಿ ಕ್ಲಬ್ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ. ಇವರಿಗೆ ಎಷ್ಟು ವಯಸ್ಸು ಅನ್ನುವುದು ಜನ್ಮದಿನ ನೋಡಿದರೆ ಗೊತ್ತಾಗುತ್ತದೆ. ಇವರ ಪಕ್ಕದಲ್ಲಿ ಯಾರು ಓಡುತ್ತಾರೆ ಅನ್ನುವುದನ್ನು ಮಾತ್ರ ಕೂತು ಯೋಚಿಸಬೇಕು.

ಈಗ ಮೊಡ್ರಿಚ್‌ಗೆ ಬರೋಣ. ರಿಯಲ್ ಮ್ಯಾಡ್ರಿಡ್‌ನಲ್ಲಿ 13 ವರ್ಷ, ಆರು ಚಾಂಪಿಯನ್ಸ್ ಲೀಗ್, 2018ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್. ಕ್ರೊವೇಷಿಯಾದ ಝಡಾರ್‌ನಲ್ಲಿ ಹುಟ್ಟಿದ ಈ ಹುಡುಗ ಚಿಕ್ಕಂದಿನಲ್ಲಿ ಮಿಲಾನ್ ಅಭಿಮಾನಿ, ಯಾಕಂದರೆ ಅವರ ದೇಶದ ಬೊಬನ್ ಆಗ ಮಿಲಾನ್‌ಗೆ ಆಡುತ್ತಿದ್ದರು. ಮ್ಯಾಡ್ರಿಡ್‌ನಲ್ಲಿ ಇವರು ಕಸೆಮಿರೊ, ಕ್ರೂಸ್ ಜೊತೆ ಮೂವರಲ್ಲಿ ಒಬ್ಬರಾಗಿ ಮೈದಾನದ ಉದ್ದಕ್ಕೂ ಓಡುತ್ತಿದ್ದರು. ಮಿಲಾನ್‌ನಲ್ಲಿ ಅದನ್ನೇ ಮಾಡಿಸಿದ್ದರೆ ನಿಮ್ಮ ಸಿಟ್ಟಿಗೆ ನಾನೂ ದನಿಗೂಡಿಸುತ್ತಿದ್ದೆ. ಹಾಗೆ ಮಾಡಿಲ್ಲ. ಮೂವರು ಡಿಫೆಂಡರ್‌ಗಳ ಮುಂದೆ, ನಟ್ಟನಡುವೆ ನಿಲ್ಲಿಸಿದ್ದಾರೆ. ಅಲ್ಲಿಂದ ಇಡೀ ಆಟ ಕಣ್ಣ ಮುಂದೆ ಇರುತ್ತದೆ. ಬಲಕ್ಕೆ ಫೊಫಾನಾ, ಎಡಕ್ಕೆ ರಾಬಿಯೊ, ಇಬ್ಬರೂ ಗಟ್ಟಿ ಕಾಲಿನವರು.

ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಮೊಡ್ರಿಚ್ ಒಬ್ಬರನ್ನೇ ಹತ್ತು ನಿಮಿಷ ನೋಡಿ, ಇದು ನನ್ನ ಕೋರಿಕೆ. ಚೆಂಡು ಇನ್ನೂ ಡಿಫೆಂಡರ್ ಕಾಲಲ್ಲಿ ಇರುವಾಗಲೇ ಇವರು ಹೆಗಲ ಮೇಲಿಂದ ಒಮ್ಮೆ ಹಿಂದಕ್ಕೆ ನೋಡುತ್ತಾರೆ. ಆಮೇಲೆ ಇನ್ನೊಂದು ಹೆಗಲ ಮೇಲಿಂದ. ಚೆಂಡು ಕಾಲಿಗೆ ಬರುವ ಹೊತ್ತಿಗೆ ಎತ್ತ ತಿರುಗಬೇಕು ಅನ್ನುವುದು ತೀರ್ಮಾನ ಆಗಿರುತ್ತದೆ. 22ರ ಹುಡುಗ ಚೆಂಡು ಸಿಕ್ಕ ಮೇಲೆ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ, ಬಿಡಿಸಿಕೊಳ್ಳಲು ಓಡಬೇಕಾಗುತ್ತದೆ. ವಯಸ್ಸಾದಂತೆ ಮೊದಲು ಹೋಗುವುದು ವೇಗದ ಓಟ. ಮೊದಲೇ ನೋಡಿಟ್ಟುಕೊಳ್ಳುವ ಈ ಅಭ್ಯಾಸ ಹೋಗುವುದಿಲ್ಲ, ಅದು ಇರುವವರಿಗೆ ಓಟವೂ ಕಡಿಮೆ ಸಾಕು.

2025ರ ಸೆಪ್ಟೆಂಬರ್ 14ರ ರಾತ್ರಿ ಬೊಲೊನ್ಯಾ ವಿರುದ್ಧದ ಪಂದ್ಯ ನೀವೂ ನೋಡಿರುತ್ತೀರಿ. ನಮಗಿಲ್ಲಿ ಶುರುವಾಗುವಾಗಲೇ ನಡುರಾತ್ರಿ ದಾಟಿತ್ತು. ನಾನು ಅಡುಗೆಮನೆಯ ಮೇಜಿನ ಮೇಲೆ ಫೋನ್ ಒರಗಿಸಿಕೊಂಡು, ಮನೆಯವರು ಏಳದಿರಲಿ ಅಂತ ಸದ್ದು ಪೂರ್ತಿ ತೆಗೆದು ನೋಡುತ್ತಿದ್ದೆ. ಅದೇ ವರ್ಷ ಮೇ ತಿಂಗಳಲ್ಲಿ ಇಟಲಿಯ ಕಪ್ ಟೂರ್ನಿ ಕೊಪ್ಪಾ ಇಟಾಲಿಯಾ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ್ದು ಇದೇ ಬೊಲೊನ್ಯಾ. 61ನೇ ನಿಮಿಷ. ಬಲಗಡೆಯಿಂದ ಸಾಲೆಮೇಕರ್ಸ್ ಚೆಂಡನ್ನು ಒಳಕ್ಕೆ ಕೊಟ್ಟರು, ಹಿಂದಿನಿಂದ ಬಂದ ಮೊಡ್ರಿಚ್ ನಿಲ್ಲಿಸದೆ ಒಂದೇ ಹೊಡೆತಕ್ಕೆ ಒಳಗೆ ಕಳಿಸಿದರು. ಪಂದ್ಯ 1-0. 40 ತುಂಬಿ ಐದು ದಿನ ಆಗಿತ್ತು. ಕೂಗುವ ಹಾಗಿರಲಿಲ್ಲ, ಎದ್ದು ನಿಂತು ಎರಡು ಕೈಯಲ್ಲಿ ಬಾಯಿ ಮುಚ್ಚಿಕೊಂಡೆ.

ಒಂದು ಗೋಲು ಯಾವುದನ್ನೂ ಸಾಬೀತು ಮಾಡುವುದಿಲ್ಲ, ಒಪ್ಪುತ್ತೇನೆ. ಅಕ್ಟೋಬರ್‌ನಲ್ಲಿ ರಾಬಿಯೊ ಗಾಯಗೊಂಡು ಹೊರಗುಳಿದಾಗ, ಆ ವರ್ಷವಷ್ಟೇ ಮೇಲಿನ ಲೀಗಿಗೆ ಬಂದ ಪೀಸಾ ನಮ್ಮ ಸ್ಯಾನ್ ಸಿರೊ ಮೈದಾನಕ್ಕೇ ಬಂದು 2-2 ಮಾಡಿಕೊಂಡು ಹೋಯಿತು. ಅದಕ್ಕೆ ಇದೊಂದೇ ಕಾರಣ ಅನ್ನಲಾರೆ. ಆದರೆ ಪಕ್ಕದಲ್ಲಿ ಓಡುವವರಲ್ಲಿ ಒಬ್ಬರು ಇಲ್ಲದಿದ್ದರೆ ಈ ಮಿಡ್‌ಫೀಲ್ಡ್ ಎಷ್ಟು ತೆಳುವಾಗುತ್ತದೆ ಅಂತ ಆ ದಿನ ಕಂಡಿತು.

ಇನ್ನೊಂದು ಲೆಕ್ಕ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ. ಮಿಲಾನ್ 2024-25ರ ಸೀಸನ್‌ನಲ್ಲಿ ಎಂಟನೇ ಸ್ಥಾನಕ್ಕೆ ಕುಸಿಯಿತು, ಹಾಗಾಗಿ 2025-26ರಲ್ಲಿ ಯುರೋಪಿನ ಯಾವ ಟೂರ್ನಿಯೂ ಇರಲಿಲ್ಲ. ನಮಗೆಲ್ಲ ಅದು ನಾಚಿಕೆಯ ವಿಷಯ. ಆದರೆ 40ರ ಕಾಲುಗಳಿಗೆ ಅದೇ ವರ. ಹೆಚ್ಚಿನ ವಾರಗಳಲ್ಲಿ ಒಂದೇ ಪಂದ್ಯ, ನಡುವೆ ಪೂರ್ತಿ ವಿಶ್ರಾಂತಿ. ಮೊಡ್ರಿಚ್ ಬಂದ ಬೇಸಿಗೆಯಲ್ಲೇ ಇಟಲಿಯ ಇನ್ನೊಂದು ಕ್ಲಬ್ ನಾಪೊಲಿ ಮಿಡ್‌ಫೀಲ್ಡರ್ ಕೆವಿನ್ ಡಿ ಬ್ರೂಯ್ನ ಅವರನ್ನು ಕರೆತಂದಿತು. ಆಗ ಅಲ್ಲಿ ಕೋಚ್ ಅದೇ ಕಾಂಟೆ. ಡಿ ಬ್ರೂಯ್ನಗೆ ಆಗ 34, ಮೊಡ್ರಿಚ್‌ಗಿಂತ ಆರು ವರ್ಷ ಚಿಕ್ಕವರು. ಆದರೆ ನಾಪೊಲಿಗೆ ಚಾಂಪಿಯನ್ಸ್ ಲೀಗ್ ಇತ್ತು, ವಾರದ ನಡುವೆಯೂ ಪಂದ್ಯ. 2023ರಲ್ಲೇ ತೊಡೆಯ ಹಿಂಭಾಗದ ಗಾಯದಿಂದ ಅವರು ಐದು ತಿಂಗಳ ಹತ್ತಿರ ಆಟದಿಂದ ಹೊರಗಿದ್ದರು. 2025ರ ಅಕ್ಟೋಬರ್ 25ರಂದು ಇಂಟರ್ ವಿರುದ್ಧ ಪೆನಾಲ್ಟಿ ಹೊಡೆದು ಗೋಲು ಮಾಡಿದ ಕ್ಷಣದಲ್ಲೇ ತೊಡೆ ಹಿಡಿದುಕೊಂಡರು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಆಡುವ ಹಾಗಿರಲಿಲ್ಲ. ನೋಡಿ ಸಂಕಟ ಆಯಿತು, ಎಂಥಾ ಆಟಗಾರ ಅವರು. ಹುಟ್ಟಿದ ವರ್ಷ ಮಾತ್ರ ನೋಡಿ ಇಬ್ಬರಲ್ಲಿ ಒಬ್ಬರನ್ನು ಆರಿಸಿ ಅಂದಿದ್ದರೆ ಎಲ್ಲರೂ ಡಿ ಬ್ರೂಯ್ನ ಕಡೆಗೇ ಕೈ ತೋರಿಸುತ್ತಿದ್ದರು. ಹಳೇ ಗಾಯ ಎಲ್ಲಿದೆ, ವಾರಕ್ಕೆ ಎಷ್ಟು ಪಂದ್ಯ ಇದೆ, ಇವೆರಡನ್ನು ನೋಡಿದ್ದರೆ ಉತ್ತರ ಬೇರೆ ಇರುತ್ತಿತ್ತು.

ಜೆರ್ಸಿ ವಿಷಯ ಬೇಗ ಮುಗಿಸುತ್ತೇನೆ. ಹೆಸರಿನ ಸೆಳೆತಕ್ಕಾಗಿ ಆಟಗಾರರನ್ನು ತರುವುದು ಹೇಗಿರುತ್ತದೆ ಅಂತ ನಾವು 2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ನೋಡಿದ್ದೇವೆ. ಗೋವಾ ತಂಡಕ್ಕೆ ಫ್ರಾನ್ಸಿನ ರಾಬರ್ಟ್ ಪಿರೆಸ್ ಬಂದಾಗ 40 ದಾಟಿತ್ತು, ನಿವೃತ್ತಿಯಿಂದ ಎದ್ದು ಬಂದಿದ್ದರು. ಹೊಸ ಲೀಗಿಗೆ ಜನ ಬರಬೇಕಿತ್ತು, ಅದಕ್ಕೆ ಅದು ಸರಿಯೇ. ಮೊಡ್ರಿಚ್ ಮಾತ್ರ 2025ರ ಜುಲೈ ತನಕ ಮ್ಯಾಡ್ರಿಡ್ ತಂಡದಲ್ಲಿದ್ದವರು. ಜೆರ್ಸಿ ಮಾರಾಟವಾಗಲಿ ಬಿಡಿ, ಅದರಿಂದ ತಂಡಕ್ಕೆ ನಷ್ಟವೇನಿಲ್ಲ.

ಇನ್ನು ಹುಡುಗರ ಪ್ರಶ್ನೆ. ನನಗೂ ಇರುವ ಭಯ ಇದೇ. ನೀವು ನೋಡಿದ 2007ರ ತಂಡದಲ್ಲಿ ಡಿಫೆಂಡರ್ ಮಾಲ್ದೀನಿಗೆ 38 ಆಗಿತ್ತು. ಆ ತಂಡ ನಮಗೆಲ್ಲ ಎಷ್ಟು ಇಷ್ಟವಾಗಿತ್ತು ಅಂದರೆ ಯಾರೂ ಅದನ್ನು ಬಿಚ್ಚಲು ಮನಸ್ಸು ಮಾಡಲಿಲ್ಲ. 2012ರ ಬೇಸಿಗೆಯಲ್ಲಿ ನೆಸ್ಟಾ, ಗಟ್ಟೂಸೊ, ಸೀಡಾರ್ಫ್, ಇನ್ಜಾಗಿ, ಜಂಬ್ರೊಟ್ಟಾ ಎಲ್ಲರೂ ಒಟ್ಟಿಗೆ ಹೋದರು. ಅದೇ ಬೇಸಿಗೆಯಲ್ಲಿ ಇಬ್ರಾಹಿಮೊವಿಚ್ ಮತ್ತು ಥಿಯಾಗೊ ಸಿಲ್ವಾ ಅವರನ್ನು ಪ್ಯಾರಿಸ್ ಕ್ಲಬ್ಬಿಗೆ ಮಾರಿದರು. ಒಳಗೆ ತಯಾರಾದವರು ಯಾರೂ ಇರಲಿಲ್ಲ. 2014ರಿಂದ 2021ರ ತನಕ ಚಾಂಪಿಯನ್ಸ್ ಲೀಗಿನ ಮುಖವನ್ನೇ ನೋಡಲಿಲ್ಲ. ಒಬ್ಬ ಹಿರಿಯ ಆಟಗಾರನಿಂದ ತಂಡ ಹಾಳಾಗುವುದಿಲ್ಲ. ಎಂಟು ಜನ ಒಟ್ಟಿಗೆ ವಯಸ್ಸಾಗುತ್ತಾ, ಹಿಂದೆ ಯಾರೂ ಕಾಯದೆ ಇದ್ದಾಗ ಹಾಳಾಗುತ್ತದೆ.

ಈ ಸಲ ಹಾಗಿಲ್ಲ. ಮೊಡ್ರಿಚ್ ಬಂದ ಬೇಸಿಗೆಯಲ್ಲೇ ದೊಡ್ಡ ಮೊತ್ತ ಕೊಟ್ಟು ಬ್ರೂಜ್ ಕ್ಲಬ್ಬಿನಿಂದ 23ರ ಮಿಡ್‌ಫೀಲ್ಡರ್ ಆರ್ಡನ್ ಜಶಾರಿಯನ್ನು, ಟೊರಿನೊದಿಂದ ಅವನಿಗಿಂತ ಒಂದು ವರ್ಷ ದೊಡ್ಡವನಾದ ಸಾಮುಯೆಲೆ ರಿಚ್ಚಿಯನ್ನು ತಂದಿದ್ದಾರೆ. ಜಶಾರಿ ಆಗಸ್ಟ್‌ನಲ್ಲೇ ಅಭ್ಯಾಸದ ವೇಳೆ ಕಾಲಿನ ಮೂಳೆ ಮುರಿದುಕೊಂಡ, ಪಾಪ. ಮೊಡ್ರಿಚ್ ಇಲ್ಲದೇ ಇದ್ದಿದ್ದರೆ ಆ ಶರತ್ಕಾಲದಲ್ಲಿ ನಡುವೆ ಯಾರನ್ನು ನಿಲ್ಲಿಸುತ್ತಿದ್ದರು ಅಂತ ನೀವೇ ಯೋಚಿಸಿ. 2025ರಲ್ಲಿ ಮೊಡ್ರಿಚ್ ಮಾಡಿಕೊಂಡ ಒಪ್ಪಂದ ಒಂದು ವರ್ಷಕ್ಕೆ, ಬೇಕಿದ್ದರೆ 2027ರ ಜೂನ್ ತನಕ ಮುಂದುವರಿಸಬಹುದು. ಇಲ್ಲಿ ನನ್ನದೊಂದು ಷರತ್ತಿದೆ. ಎರಡನೇ ವರ್ಷವೂ ಮೊಡ್ರಿಚ್ ಇರಲಿ, ಆದರೆ ಆಗ ಅವರು ಪ್ರತಿ ಪಂದ್ಯದಲ್ಲೂ ಮೊದಲ ನಿಮಿಷದಿಂದ ಆಡಿ ಜಶಾರಿ ಬೆಂಚಿನಲ್ಲೇ ಕೂತಿದ್ದರೆ ನೀವು ಬರೆದ ಪತ್ರವನ್ನು ನಾನೇ ಬರೆಯುತ್ತೇನೆ.

ನನ್ನ ಮನಸ್ಸಿಗೆ ತುಂಬ ತಟ್ಟಿದ ಒಂದು ಸಂಗತಿ ಹೇಳಲೇಬೇಕು. 2011ರಲ್ಲಿ ಪಿರ್ಲೊ ಹೊರಟಾಗ ಮಿಲಾನ್ ಕೋಚ್ ಆಗಿದ್ದವರು ಮಾಸಿಮಿಲಿಯಾನೊ ಅಲ್ಲೆಗ್ರಿ. ಮೂರು ವರ್ಷದ ನಂತರ ಅವರೇ ಯುವೆಂಟಸ್ ಕೋಚ್ ಆಗಿ ಹೋದರು. ಅಲ್ಲಿ 35ರ ಪಿರ್ಲೊ ಇನ್ನೂ ನಡುವೆ ನಿಂತು ಆಡುತ್ತಿದ್ದರು, ಇಬ್ಬರೂ ಸೇರಿ 2015ರ ಚಾಂಪಿಯನ್ಸ್ ಲೀಗ್ ಫೈನಲ್ ತನಕ ಹೋದರು. 2025ರಲ್ಲಿ ಮೊಡ್ರಿಚ್ ಅವರನ್ನು ಆಡಿಸಿದ ಮಿಲಾನ್ ಕೋಚ್ ಕೂಡ ಅದೇ ಅಲ್ಲೆಗ್ರಿ. ಅವರ ಮನಸ್ಸಿನಲ್ಲಿ ಏನಿದೆಯೋ ನಾನು ಹೇಳಲಾರೆ. ಆದರೆ ಮೊಡ್ರಿಚ್ ಅವರನ್ನು ಸರಿಯಾಗಿ ಪಿರ್ಲೊ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದ್ದು ನೋಡಿ ನನಗೆ ಗಂಟಲು ಕಟ್ಟಿತು.

ಕೊನೆಗೆ ನಿಮ್ಮ ಭಾನುವಾರದ ತಂಡ. 38ರ ಅಣ್ಣನನ್ನು ಇಟ್ಟುಕೊಳ್ಳಿ. ಬದಿಯಲ್ಲಿ ಓಡಿಸಬೇಡಿ, ಡಿಫೆನ್ಸ್ ಮುಂದೆ ನಡುವೆ ನಿಲ್ಲಿಸಿ. ಅಕ್ಕಪಕ್ಕ ಓಡಲು ಬೇಸರ ಮಾಡಿಕೊಳ್ಳದ ಇಬ್ಬರು ಹುಡುಗರನ್ನು ಹಾಕಿ. ಅರವತ್ತು ನಿಮಿಷಕ್ಕೆ ಹೊರಗೆ ಕರೆಯುವುದಾದರೆ ಶನಿವಾರ ರಾತ್ರಿಯೇ ಅವರ ಮನೆಗೆ ಹೋಗಿ ಹೇಳಿ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಸ್ಯಾನ್ ಸಿರೊದಲ್ಲಿ ಡಿ ಬ್ರೂಯ್ನ ಅವರನ್ನು ಹೊರಗೆ ಕರೆದಾಗ ಅವರ ಮುಖದಲ್ಲಿದ್ದ ಬೇಸರ ಟೀವಿ ನೋಡಿದವರಿಗೆಲ್ಲ ಕಂಡಿತ್ತು. ಅಷ್ಟು ಗೆದ್ದವರಿಗೇ ಹಾಗಾಗುತ್ತದೆ ಅಂದರೆ ನಮ್ಮ ಊರಿನ ಅಣ್ಣನಿಗೆ ಇನ್ನೆಷ್ಟು ನೋವಾದೀತು? ಅವರು ಹೊರಗೆ ಬಂದಾಗ ಆ ಜಾಗಕ್ಕೆ ಹೋಗುವ ಹುಡುಗ ಯಾರು ಅಂತಲೂ ಅವರನ್ನೇ ಕೇಳಿ, ಅವರೇ ಆರಿಸಲಿ. ಅಭ್ಯಾಸದ ದಿನ ಆ ಹುಡುಗನನ್ನು ಅವರ ಬೆನ್ನ ಹಿಂದೆಯೇ ನಿಲ್ಲಿಸಿ, ಚೆಂಡು ಬರುವ ಮುಂಚೆ ಅಣ್ಣ ಎಷ್ಟು ಸಲ ಹಿಂದೆ ತಿರುಗಿ ನೋಡುತ್ತಾರೆ ಅಂತ ಎಣಿಸಲು ಹೇಳಿ. ಎಣಿಕೆ ಎಷ್ಟು ಬಂತು ಅಂತ ನನಗೂ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ