ಹಾಡಿಗೆ ಬೆಳಕು: ತೋಡಿನ ನೀರೋ, ಸೋಲಾರೋ?

ಪ್ರಶ್ನೆ: ವಿರಾಜಪೇಟೆ ಕಡೆ ಕಾಡಂಚಿನ ಹಾಡಿ (ಬುಡಕಟ್ಟು ಜನರ ಸಣ್ಣ ವಸತಿ) ನಮ್ಮದು. 11 ಮನೆಗಳಿವೆ. ಕರೆಂಟ್ ಲೈನ್ ಇನ್ನೂ ಬಂದಿಲ್ಲ. ಹಿಂದೆ ಸಿಕ್ಕಿದ್ದ ಸೋಲಾರ್ ದೀಪಗಳ ಬ್ಯಾಟರಿ ಎರಡು ಮಳೆಗಾಲಕ್ಕೇ ಕೈಕೊಟ್ಟಿತು. ಪಕ್ಕದ ಗುಡ್ಡದಿಂದ ತೋಡೊಂದು (ಸಣ್ಣ ಹಳ್ಳ) ಇಳಿಯುತ್ತದೆ. ಜನವರಿವರೆಗೂ ನೀರಿರುತ್ತದೆ. ಅದರಿಂದ ಕರೆಂಟ್ ತೆಗೆಯಬಹುದಾ? ಇಲ್ಲ, ಮತ್ತೆ ಸೋಲಾರನ್ನೇ ಹಾಕಿಸಬೇಕಾ?

ಉತ್ತರ: ತೆಗೆಯಬಹುದು. ಆದರೆ ಯಾರಿಗೂ ಮುಂಗಡ ಕೊಡುವ ಮೊದಲು ಎರಡು ಅಳತೆ ನೀವೇ ಮಾಡಿ.

ಮೊದಲನೆಯದು ನೀರು. ತೋಡಿಗೆ ಅಡ್ಡಲಾಗಿ ಮಣ್ಣು ಕಟ್ಟಿ, ನೀರೆಲ್ಲ ಒಂದೇ ಪೈಪಿನಲ್ಲಿ ಬೀಳುವಂತೆ ಮಾಡಿ. ಕೆಳಗೆ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸೆಕೆಂಡು ನೋಡಿ. ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್ ಎಂದರ್ಥ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಜಡಿಮಳೆಯಲ್ಲಿ ಅಳೆದರೆ ಸುಮ್ನೆ ಆಸೆ ಹುಟ್ಟುತ್ತದೆ. ಡಿಸೆಂಬರಿನಲ್ಲಿ ಅಳೆಯಿರಿ. ಎರಡನೆಯದು ಎತ್ತರ, ಅಂದರೆ ನೀರು ಪೈಪಿಗೆ ಸೇರುವ ಜಾಗದಿಂದ ಕೆಳಗೆ ಟರ್ಬೈನ್ (ನೀರಿನಿಂದ ತಿರುಗುವ ಚಕ್ರ) ಕೂರಿಸುವ ಜಾಗದವರೆಗಿನ ಇಳಿತ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ಇದೆಯಲ್ಲ, ಅದನ್ನೇ ಹಿಡಿದು ಹಂತ ಹಂತವಾಗಿ ಗುಡ್ಡ ಇಳಿಯುತ್ತಾ ಅಳತೆ ಕೂಡಿಸಿ.

ಲೀಟರನ್ನು ಮೀಟರಿನಿಂದ ಗುಣಿಸಿ, ಬಂದದ್ದನ್ನು ಐದರಿಂದ ಗುಣಿಸಿ. ಅಷ್ಟು ವ್ಯಾಟ್ ಸಿಗುತ್ತದೆ. 5 ಲೀಟರ್ ನೀರು 30 ಮೀಟರ್ ಇಳಿದರೆ ಸುಮಾರು 750 ವ್ಯಾಟ್. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ತೋಡು ರಾತ್ರಿಯೂ ಹರಿಯುತ್ತದೆ. ದಿನಕ್ಕೆ 18 ಯೂನಿಟ್‌ನಷ್ಟಾಯಿತು. ಮನೆಗೆ 60 ವ್ಯಾಟ್ ಹಂಚಿದರೆ ನಾಲ್ಕು ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜು ಆರಾಮಾಗಿ ನಡೆಯುತ್ತದೆ. ಮಿಕ್ಸಿಗೆ ಮಾತ್ರ ಸರದಿ ಬೇಕು.

ಜನ ದುಡ್ಡು ಕಳೆದುಕೊಳ್ಳುವುದು ಪೈಪಿನಲ್ಲಿ. ಅಗ್ಗ ಅಂತ 2 ಇಂಚಿನ ಪೈಪನ್ನು 150 ಮೀಟರ್ ಎಳೆದರೆ, 5 ಲೀಟರ್ ನೀರು ಉಜ್ಜಿಕೊಂಡು ಬರುವಾಗಲೇ 30 ಮೀಟರಿನ ಒತ್ತಡದಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗಿಹೋಗುತ್ತದೆ. 3 ಇಂಚಿನದ್ದಾದರೆ ನಷ್ಟ ಎರಡು ಮೂರು ಮೀಟರ್ ಅಷ್ಟೇ. ಟರ್ಬೈನ್ ಸಣ್ಣದಾದರೂ ಪರವಾಗಿಲ್ಲ, ಪೈಪಿನಲ್ಲಿ ಜಿಪುಣತನ ಬೇಡ. ಆನೆ ಓಡಾಡುವ ಜಾಗವಾದರೆ ಪೈಪನ್ನು ಮಣ್ಣಿನಲ್ಲಿ ಹೂಳಿ.

ಇಷ್ಟು ಎತ್ತರಕ್ಕೆ ಪೆಲ್ಟನ್ ಚಕ್ರ (ಅಂಚಿನ ಬಟ್ಟಲುಗಳಿಗೆ ನೀರಿನ ಧಾರೆ ಬಡಿದು ತಿರುಗುವ ಟರ್ಬೈನ್) ಸರಿ. ನೇಪಾಳದ ಗುಡ್ಡದ ಹಳ್ಳಿಗಳಲ್ಲಿ ಪೆಲ್ಟನ್ ಚಕ್ರಕ್ಕೆ ಜನರೇಟರ್ ಜೋಡಿಸಿದ 'ಪೆಲ್ಟ್ರಿಕ್ ಸೆಟ್' ಇದೇ ಕೆಲಸ ಮಾಡುತ್ತದೆ. ಲೋಡ್ ಕಂಟ್ರೋಲರ್ ಇಲ್ಲದೆ ಮಾತ್ರ ಓಡಿಸಬೇಡಿ. ಎಲ್ಲರೂ ದೀಪ ಆರಿಸಿ ಮಲಗಿದಾಗ ಚಕ್ರದ ವೇಗ ಏರಿ, ವೋಲ್ಟೇಜ್ ಹೆಚ್ಚಿ ಬಲ್ಬುಗಳು ಸುಟ್ಟುಹೋಗುತ್ತವೆ. ಕಂಟ್ರೋಲರ್ ಆ ಹೆಚ್ಚುವರಿಯನ್ನು ಒಂದು ಹೀಟರಿಗೆ ತಿರುಗಿಸುತ್ತದೆ. ಅದನ್ನು ನೀರಿನ ಡ್ರಮ್ಮಿನಲ್ಲಿಡಿ. ಎಂಟು ಗಂಟೆ 400 ವ್ಯಾಟ್ ಹೋದರೆ 100 ಲೀಟರ್ ನೀರು 25 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಮಳೆಗಾಲದಲ್ಲಿ ಒದ್ದೆ ಸೌದೆ ಊದುವ ಹೆಂಗಸರಿಗೆ ಇದು ದೀಪದಷ್ಟೇ ದೊಡ್ಡ ಉಪಕಾರ.

ಇನ್ನು ನಿಮ್ಮ ಹಳೆಯ ಬ್ಯಾಟರಿ ವಿಷಯ. ಅದು ಲೆಡ್ ಆಸಿಡ್ ಆಗಿದ್ದರೆ ಸಾಯಿಸಿದ್ದು ಜುಲೈ, ಆಗಸ್ಟ್ ತಿಂಗಳ ಮೋಡವೇ ಇರಬೇಕು. ಅಂಥ ಬ್ಯಾಟರಿ ವಾರಗಟ್ಟಲೆ ಅರೆ ಚಾರ್ಜಿನಲ್ಲೇ ಕೂತರೆ ಒಳಗಿನ ತಗಡಿಗೆ ಸಲ್ಫೇಟ್ ಗಟ್ಟಿಕಟ್ಟುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ತೊಂದರೆ ಇಲ್ಲ. ಮರದ ನೆರಳನ್ನೂ ನೋಡಿ. ಒಂದು ಕೊಂಬೆಯ ನೆರಳು ಬಿದ್ದರೂ ಪ್ಯಾನೆಲ್ಲಿನ ಉತ್ಪಾದನೆ ಪಟ್ಟನೆ ಇಳಿಯುತ್ತದೆ. ಹಾಗಾಗಿ ಜೂನಿನಿಂದ ಜನವರಿವರೆಗೆ ತೋಡು, ಬೇಸಿಗೆಗೆ ಸಣ್ಣ ಸೋಲಾರ್ ಎನ್ನುವುದೇ ನನ್ನ ಸಲಹೆ.

ಜಾಗ ಅರಣ್ಯದ್ದಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿ. ಅಸಾಂಪ್ರದಾಯಿಕ ಇಂಧನ, ವಿದ್ಯುತ್ ಲೈನಿನಂಥ ಸರ್ಕಾರಿ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಬಳಸಲು ಅಲ್ಲಿ ಅವಕಾಶವಿದೆ. ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ತೋಡನ್ನು ಪೂರ್ತಿ ಬತ್ತಿಸಬೇಡಿ, ಮೀನು ಏಡಿಗೂ ನೀರು ಬೇಕು. ಚಕ್ರ ತಿರುಗಿಸಿದ ನೀರು ಮತ್ತೆ ತೋಡಿಗೇ ಸೇರಲಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಮಳೆಗಾಲದಲ್ಲಿ ಪೈಪಿನ ಬಾಯಿಯ ಜಾಲರಿಗೆ ಸಿಕ್ಕ ತರಗೆಲೆಯನ್ನು ದಿನಾ ಯಾರು ತೆಗೆಯುತ್ತಾರೆ? ಬೇರಿಂಗ್ ಹೋದರೆ ದುಡ್ಡು ಎಲ್ಲಿಂದ? ಶ್ರೀಲಂಕಾದ ಹಳ್ಳಿಗಳಲ್ಲಿ ಬಳಕೆದಾರರ ಸಂಘ ಕಟ್ಟಿ, ತಿಂಗಳ ವಂತಿಗೆ ಎತ್ತಿ ಇಂಥ ಘಟಕ ನಡೆಸಿದ್ದಾರೆ. ನೀವೂ ಮೊದಲೇ ಸಭೆ ಕೂತು, ಆ ಕೆಲಸಕ್ಕೆ ಹಾಡಿಯ ಇಬ್ಬರನ್ನು ಗೊತ್ತುಮಾಡಿ, ಸಂಬಳ ನಿಗದಿ ಮಾಡಿ. ಪುಕ್ಕಟೆ ಸೇವೆ ಬಹಳ ದಿನ ನಡೆಯುವುದಿಲ್ಲ. ಸಂಘ ಆಗದಿದ್ದರೆ ಟರ್ಬೈನ್ ತರಬೇಡಿ, ಮನೆಮನೆಗೆ ಸೋಲಾರ್ ಸಾಕು.

ಪ್ರಶ್ನೆ: ಎರಡು ದನಗಳಿವೆ. ಗೋಬರ್ ಗ್ಯಾಸ್ ಆಗುತ್ತಾ?

ಉತ್ತರ: ಕೊಟ್ಟಿಗೆಯಲ್ಲೇ ಕಟ್ಟಿ ಸಾಕಿದರೆ ಆಗುತ್ತದೆ. 1 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಮೇಯಲು ಬಿಟ್ಟರೆ ಅದರಲ್ಲಿ ಅರ್ಧ ಕಾಡಿನಲ್ಲೇ ಬೀಳುತ್ತದೆ. ನಿಮ್ಮಲ್ಲಿ ಮಳೆಗಾಲದ ಚಳಿಗೆ ಗ್ಯಾಸ್ ಹುಟ್ಟುವುದೂ ನಿಧಾನವಾಗುತ್ತದೆ. ಗುಂಡಿಯನ್ನು ಬಿಸಿಲು ಬೀಳುವ ಕಡೆ ತೋಡಿಸಿ, ಮಳೆನೀರು ಒಳಗೆ ಇಳಿಯದಂತೆ ಸುತ್ತ ಚರಂಡಿ ಮಾಡಿಸಿ.